ಉಪ್ಪಿನವರ ಉತ್ತರ

ಶನಿವಾರ ಮಧ್ಯಾಹ್ನ ಊಟ ಮುಗಿಸಿ ನಾನು ಬೆಳ್ಮಣ್‌ನಲ್ಲಿ ಶಿರ್ವದ ಮೇಲೆ ಹೋಗುವ ಬಸ್ಸು ಹತ್ತುತ್ತೇನೆ. ಇಳಿಯುವುದು ಕಾಪುವಿನಲ್ಲಿ. ಕೈಯಲ್ಲಿ ಕೊಡೆ, ಚೀಲದಲ್ಲಿ ಅತ್ತಿಗೆಗೆಂದು ಬಸಳೆಯೋ ಹೀರೆಕಾಯಿಯೋ, ತಲೆಯಲ್ಲಿ ಒಂದು ಉತ್ತರ. ಆ ಉತ್ತರ ನನ್ನದಲ್ಲ. ನಾನು ಕೇಳಿದ ಪ್ರಶ್ನೆಗೆ ಇನ್ನೊಬ್ಬರು ಕೊಡಬೇಕಾಗಿದ್ದದ್ದು. ಅವರಿಗೆ ಈಗ ಸರಿಯಾಗಿ ಮಾತು ಬರುವುದಿಲ್ಲ. ಹಾಗಾಗಿ ವಾರವಿಡೀ ಹುಡುಕಿ, ಇದೇ ಇರಬಹುದು ಎಂದು ಕಂಡದ್ದನ್ನು ಒಯ್ದು ಅವರ ಮುಂದೆ ಇಡುತ್ತೇನೆ. ಅವರು ಪೂರ್ತಿ ಕೇಳುತ್ತಾರೆ. ಕೇಳಿ, ‘ಅಲ್ಲ’ ಎನ್ನುತ್ತಾರೆ. ನಾನು ಚಹಾ ಕುಡಿದು ವಾಪಸು ಬರುತ್ತೇನೆ. ಹೀಗೆ ಹೆಚ್ಚುಕಡಿಮೆ ಒಂದು ವರ್ಷವಾಯಿತು.

ಅವರನ್ನು ನಾನು ಅಣ್ಣ ಎಂದು ಕರೆಯುವುದು. ರಕ್ತಸಂಬಂಧವೇನೂ ಇಲ್ಲ, ನನಗಿಂತ ಐದಾರು ವರ್ಷ ದೊಡ್ಡವರು, ಅಷ್ಟೇ. ಅವರ ಹೆಂಡತಿ ನನಗೆ ಅತ್ತಿಗೆ. ಮೀನು ಇಳಿಯುವ ಕಡೆ ಏಲಂ, ಅಂದರೆ ಹರಾಜು, ಕೂಗುವುದು ಅಣ್ಣನ ಕೆಲಸವಾಗಿತ್ತು. ಬುಟ್ಟಿ ಮುಂದಿಟ್ಟುಕೊಂಡು ಅವರು ‘ಬಂಗುಡೆ, ಬಂಗುಡೆ’ ಎಂದು ಶುರುಮಾಡಿದರೆ ಬಂಡೆಯ ಮೇಲಿನ ದೀಪಸ್ತಂಭದವರೆಗೆ ಕೇಳುತ್ತದೆ ಎಂದು ಜನ ತಮಾಷೆ ಮಾಡುತ್ತಿದ್ದರು. ನಾನು ಅಲ್ಲಿಂದ ಸ್ವಲ್ಪ ದೂರದ ಒಂದು ಐಸ್ ಪ್ಲಾಂಟಿನಲ್ಲಿದ್ದೆ. ತೊಟ್ಟಿಯಿಂದ ಐಸಿನ ಡಬ್ಬಗಳನ್ನು ಎತ್ತುವುದು, ಗಡ್ಡೆ ಬಿಡಿಸುವುದು, ಮತ್ತೆ ನೀರು ತುಂಬಿ ಇಳಿಸುವುದು. ಮೂವತ್ತಮೂರು ವರ್ಷ ಅದನ್ನೇ ಮಾಡಿದೆ. ತೊಟ್ಟಿಯ ನೀರು ತಾಗಿ ತಾಗಿ ಅಂಗೈ ಒಡೆದದ್ದು ಇನ್ನೂ ಪೂರ್ತಿ ಕೂಡಿಲ್ಲ.

ನಮ್ಮಿಬ್ಬರನ್ನು ಸೇರಿಸಿದ್ದು ಮೀನಲ್ಲ, ತಾಳಮದ್ದಳೆ. ಹೊರಗಿನವರಿಗಾಗಿ ಒಂದು ಮಾತು: ಇದು ವೇಷ ಕಟ್ಟದ, ಕುಣಿಯದ ಯಕ್ಷಗಾನ. ಭಾಗವತರು ಪದ ಹಾಡುತ್ತಾರೆ, ಮದ್ದಳೆ ನುಡಿಯುತ್ತದೆ, ಎದುರು ಬದುರು ಕುಳಿತ ಅರ್ಥಧಾರಿಗಳು ಆ ಪದಕ್ಕೆ ಅರ್ಥ ಹೇಳುತ್ತಾರೆ. ಒಬ್ಬ ಕರ್ಣನಾದರೆ ಇನ್ನೊಬ್ಬ ಕೃಷ್ಣ. ಬರೆದುಕೊಂಡು ಬಂದ ಮಾತಿಲ್ಲ. ಅಲ್ಲೇ ಹುಟ್ಟಬೇಕು, ಅಲ್ಲೇ ತಾಗಬೇಕು. ದೋಣಿಗಳು ದಡ ಸೇರುವ ಮಳೆಗಾಲದಲ್ಲಿ ಅಣ್ಣನಿಗೆ ಏಲಂ ಇಲ್ಲ, ನನಗೆ ಐಸ್ ಕೆಲಸ ಕಡಿಮೆ. ಶನಿವಾರ ಸಂಜೆ ಐದರಿಂದ ಎಂಟರವರೆಗೆ ಭಜನಾ ಮಂದಿರದಲ್ಲಿ ನಮ್ಮ ಕೂಟ.

ನನ್ನ ಕನ್ನಡ ಶಾಲೆಯಲ್ಲಿ ಕಲಿತದ್ದಲ್ಲ, ಶಾಲೆಗೆ ನಾನು ಹೋದದ್ದೇ ಸ್ವಲ್ಪ. ಮನೆಯಲ್ಲಿ ತುಳು, ಕೆಲಸದಲ್ಲಿ ತುಳು, ಜಗಳವೂ ತುಳುವಿನಲ್ಲೇ. ಕನ್ನಡವನ್ನು ನಾನು ಆ ಮಂದಿರದ ಚಾಪೆಯ ಮೇಲೆ ಹಿರಿಯರ ಬಾಯಿಯಿಂದ ಹೆಕ್ಕಿಕೊಂಡೆ. ಅಂಥವರಲ್ಲಿ ಒಬ್ಬ ಹಳೆಯ ಮೇಷ್ಟ್ರು ಇದ್ದರು. ಅವರು ನನಗೂ ಅಣ್ಣನಿಗೂ ಒಟ್ಟಿಗೇ ಕಿವಿ ಹಿಂಡಿ ಕಲಿಸಿದ ಪಾಠ ಒಂದುಂಟು: ‘ಎದುರಿನವನಿಗೆ ಉತ್ತರಕ್ಕೆ ಜಾಗ ಬಿಟ್ಟು ಪ್ರಶ್ನೆ ಕೇಳು. ಮಂಗಳ ಹಾಡುವ ಹೊತ್ತಿಗೆ ಹೊಸ ಪ್ರಶ್ನೆ ಎತ್ತುವವನು ಅರ್ಥಧಾರಿಯಲ್ಲ, ಕಲ್ಲು ಬಿಸಾಡಿ ಓಡುವವನು.’

ಕಳೆದ ಮಳೆಗಾಲದ ಒಂದು ಶನಿವಾರ ಭಾಗವತರು ಹೊಸ ಸುದ್ದಿ ತಂದರು. ಅವರ ಮೊಮ್ಮಗಳು ಮಣಿಪಾಲದ ಕಾಲೇಜಿನಲ್ಲಿ ಓದುತ್ತಾಳೆ. ಅಲ್ಲಿ ಮಕ್ಕಳ ನಡುವೆ ಚರ್ಚೆಯಂತೆ: ಆಧುನಿಕ ಇತಿಹಾಸದಲ್ಲಿ ಎಲ್ಲರಿಗಿಂತ ಹೆಚ್ಚು ಪ್ರಭಾವ ಬೀರಿದ ವ್ಯಕ್ತಿ ಯಾರು?

“ಅವಳು ನನ್ನ ಹತ್ರ ಕೇಳಿದ್ಲು. ನಾನೆಂತ ಹೇಳುವುದು? ಕೃಷ್ಣ ಅಂದೆ. ‘ಅಜ್ಜ, ಆಧುನಿಕ’ ಅಂತ ನಗಾಡಿದ್ಲು,” ಎಂದರು ಭಾಗವತರು. “ಇವತ್ತು ಪ್ರಸಂಗ ಬೇಡ. ಇದನ್ನೇ ಮಾಡುವ.”

“ಪದ ಯಾರು ಹಾಡುವುದು ಮಾರಾಯ್ರೆ?” ಎಂದರು ಅಣ್ಣ.

“ಪದ ನಾನು ಹೇಗಾದ್ರೂ ಹೊಸೆಯುತ್ತೇನೆ. ಆದ್ರೆ ಒಂದು ಕಟ್ಟು. ಹೆಸರು ಹೇಳ್ಲಿಕ್ಕಿಲ್ಲ. ಹೆಸರು ಬಂದ್ರೆ ಪಾರ್ಟಿ ಬರ್ತದೆ, ಪಾರ್ಟಿ ಬಂದ್ರೆ ನಾಳೆ ಈ ಮಂದಿರಕ್ಕೆ ಅರ್ಧ ಜನ ಬರುವುದಿಲ್ಲ. ಕೆಲಸ ಹೇಳಿ ಸಾಕು. ಗೊತ್ತಾಗುವವರಿಗೆ ಗೊತ್ತಾಗ್ತದೆ.”

ನಮಗೆ ಆ ಕಟ್ಟು ಒಳ್ಳೆಯದೇ ಆಯಿತು. ಯಾಕೆಂದರೆ ನಮಗೆ ಗೊತ್ತಿದ್ದ ದೊಡ್ಡವರಲ್ಲಿ ಅರ್ಧ ಜನರ ಹೆಸರು ನಮಗೆ ಗೊತ್ತೇ ಇರಲಿಲ್ಲ. ಸಿಡುಬಿಗೆ ಚುಚ್ಚುಮದ್ದು ಕಂಡುಹಿಡಿದವನು ಯಾರು? ನೈಲಾನ್ ಬಲೆ ಮಾಡಿದವನು? ಮದ್ದಳೆಯವರು ಮೊಬೈಲ್ ಮಾಡಿದವನ ಪಕ್ಷ ಹಿಡಿಯಲು ಹೊರಟಿದ್ದರು, ಅಷ್ಟರಲ್ಲಿ ಅವರದೇ ಮೊಬೈಲ್ ಬಡಿದುಕೊಂಡಿತು, ಎಲ್ಲರೂ ನಕ್ಕರು, ಅವರು ಸುಮ್ಮನಾದರು. ಕೊನೆಗೆ ಅಣ್ಣ ಹೇಳಿದರು, “ಕೋಲು ಊರಿಕೊಂಡು ಕಡಲಿಗೆ ನಡೆದು ಒಂದು ಮುಷ್ಟಿ ಉಪ್ಪು ಎತ್ತಿದ ಮುದುಕ. ಅದು ನಾನು.” ಅವರ ತಾಯಿ ಮೀನಿಗೆ ಉಪ್ಪು ಹಾಕಿ ಒಣಗಿಸಿ ಮಕ್ಕಳನ್ನು ಸಾಕಿದವರು. ಉಪ್ಪು ಬಿಟ್ಟು ಅವರು ಬೇರೆ ಯಾರ ಪಕ್ಷಕ್ಕೂ ಹೋಗುವವರಲ್ಲ.

ನಾನೂ ನನ್ನ ಅನ್ನ ಬಿಡಲಿಲ್ಲ. “ಯಂತ್ರದಲ್ಲಿ ಐಸು ಮಾಡಿ ತೋರಿಸಿದವನು ನಾನು,” ಎಂದೆ.

ಅದರ ನಂತರದ ಎರಡು ಗಂಟೆಗಳನ್ನು ನೆನೆಸಿಕೊಂಡರೆ ಈಗಲೂ ಎದೆ ತುಂಬುತ್ತದೆ. ಅಣ್ಣನ ಆ ಸ್ವರ. ಏಲಂನ ಗಂಟಲು ಅಲ್ಲಿ ಎಲ್ಲಿ ಹೋಗುತ್ತಿತ್ತೋ ತಿಳಿಯದು. ತಗ್ಗಿಸಿ, ತಡೆದು, ಒಂದೊಂದೇ ಶಬ್ದವನ್ನು ತೊಳೆದಿಟ್ಟ ಹಾಗೆ ಮಾತು.

“ಎಲೈ ಮಂಜುಗಡ್ಡೆಯವನೇ,” ಎಂದರು, “ನೀನು ಮೀನನ್ನು ಕೆಡದಂತೆ ಇಟ್ಟೆ. ಒಪ್ಪಿದೆ. ನಾನು ಮನುಷ್ಯನನ್ನು ಕೆಡದಂತೆ ಇಡಲು ಹೊರಟವನು.”

“ಎಷ್ಟು ದಿನ ಇಟ್ಟೆ, ವೃದ್ಧನೇ? ನನ್ನ ಐಸು ಕರಗುವುದಕ್ಕೆ ಒಂದು ದಿನವಾದರೂ ಬೇಕು. ನಿನ್ನ ಜನ ಕೆಡಲು ಅಷ್ಟು ಹೊತ್ತೂ ಹಿಡಿಯಲಿಲ್ಲ.”

ಕುಳಿತವರು ನಕ್ಕರು. ಅಣ್ಣನೂ ಮೀಸೆಯಡಿಯಲ್ಲಿ ನಕ್ಕು, ನಗುವನ್ನು ನುಂಗಿ, ಮತ್ತೆ ಮುದುಕನಾದರು. “ಕರಗುವ ಮಾತು ತೆಗೆದೆಯಲ್ಲ. ನೀನೂ ಕರಗುತ್ತೀ, ನಾನೂ ಕರಗುತ್ತೇನೆ. ನಾನು ಕರಗಿದ ಮೇಲೆ ಗಂಜಿಗೆ ರುಚಿ. ನೀನು ಕರಗಿದ ಮೇಲೆ ನೆಲ ಒದ್ದೆ, ಅಷ್ಟೇ.”

ಮಂದಿರ ಗೊಳ್ಳೆಂದಿತು. ಭಾಗವತರು ತಾಳ ಕೆಳಗಿಟ್ಟು ಕಣ್ಣೊರೆಸಿಕೊಂಡರು. ನನಗೆ ಅದು ತಾಗಿತು. ಒಳ್ಳೆಯ ಮಾತು ತಾಗಿದರೆ ಒಳ್ಳೆಯ ಅರ್ಥಧಾರಿಗೆ ಸಂತೋಷವಾಗಬೇಕು. ನನಗೆ ಅವತ್ತು ಸಂತೋಷವಾಗಲಿಲ್ಲ, ಗೆಲ್ಲಬೇಕು ಅನ್ನಿಸಿತು.

ಎಂಟು ಗಂಟೆಗೆ ಐದೇ ನಿಮಿಷ ಉಳಿದಿತ್ತು. ಎಂಟಕ್ಕೆ ನನ್ನ ಕೊನೆಯ ಬಸ್ಸು. ಅದು ಅಲ್ಲಿದ್ದವರಿಗೆಲ್ಲ ಗೊತ್ತು. ಎಷ್ಟೋ ವರ್ಷದಿಂದ ನನ್ನ ಬಸ್ಸಿನ ಲೆಕ್ಕದಲ್ಲೇ ಮಂಗಳ ಹಾಡುತ್ತಿದ್ದದ್ದು. ನಾನು ಕೊಡೆಯನ್ನು ತೊಡೆಯ ಮೇಲೆ ತೆಗೆದುಕೊಂಡು ಕೇಳಿದೆ:

“ವೃದ್ಧನೇ, ನಿನ್ನ ಪಟ ಎಲ್ಲ ಗೋಡೆಗಳಲ್ಲೂ ಉಂಟು. ಅದರ ಕೆಳಗೆ ಕುಳಿತು ಜನ ತಮಗೆ ಬೇಕಾದದ್ದನ್ನೇ ಮಾಡುತ್ತಾರೆ. ನನ್ನ ಮುಖ ಒಬ್ಬನಿಗೂ ಗೊತ್ತಿಲ್ಲ, ಆದರೆ ನಾನಿಲ್ಲದೆ ಒಂದು ಬೋಟೂ ಕಡಲಿಗೆ ಇಳಿಯುವುದಿಲ್ಲ. ಇಲ್ಲಿ ಕುಳಿತ ಇಷ್ಟು ಜನರಲ್ಲಿ, ಇವತ್ತು ಬೆಳಗಿನಿಂದ ಸಂಜೆಯವರೆಗೆ, ನಿನ್ನಿಂದಾಗಿ ಒಂದು ಕೆಲಸವನ್ನಾದರೂ ಬೇರೆ ರೀತಿ ಮಾಡಿದವನು ಯಾರು? ಒಬ್ಬನನ್ನು ತೋರಿಸು.”

ಹೇಳಿದೆ, ಎದ್ದೆ. “ಬಸ್ಸಿನ ಹೊತ್ತಾಯಿತು,” ಎಂದೆ.

ಯಾರೂ ನಗಲಿಲ್ಲ. ಭಾಗವತರು ನನ್ನನ್ನೇ ಒಂದು ಗಳಿಗೆ ನೋಡಿ ಮಂಗಳ ಎತ್ತಿಕೊಂಡರು. ನಾನು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ಅಣ್ಣ ಕುಳಿತಲ್ಲಿಂದಲೇ ಕೂಗಿ ಹೇಳಿದರು, “ಉತ್ತರ ಉಂಟು ಮಾರಾಯ. ಮುಂದಿನ ಶನಿವಾರ ಬಾ. ಓಡಬೇಡ, ಜಾರ್ತದೆ.”

ಅದು ನಾನು ಕೇಳಿದ ಅವರ ಕೊನೆಯ ಪೂರ್ತಿ ಮಾತು.

ಗುರುವಾರ ಬೆಳಗ್ಗೆ ಬಾವಿಕಟ್ಟೆಯ ಹತ್ತಿರ ಬಿದ್ದರು. ಬಿ.ಪಿ. ಏರಿ ಸ್ಟ್ರೋಕ್. ಮಣಿಪಾಲದ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಭಾಗವತರು ಫೋನ್ ಮಾಡಿದಾಗ ನಾನು ಕಾರ್ಕಳದ ಸಂತೆಯಲ್ಲಿ ಸೌತೆಬೀಜ ಆರಿಸುತ್ತಿದ್ದೆ. ಬೀಜವನ್ನು ಅಲ್ಲೇ ಬಿಟ್ಟು ಉಡುಪಿಯ ಬಸ್ಸು ಹತ್ತಿದೆ. ದಾರಿಯಲ್ಲಿ ಒಂದೇ ಯೋಚನೆ: ಬದುಕಲಿ. ಬದುಕಿದ್ದಾರೆ ಎಂದು ತಿಳಿದ ಮೇಲೆ ಎರಡನೆಯ ಯೋಚನೆ ಬಂತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಇನ್ನು ಆ ಉತ್ತರ?

ಬಲಗೈ, ಬಲಗಾಲು ಸೋತಿತ್ತು. ಮಾತು ಪೂರ್ತಿ ಹೋಗಿತ್ತು. ನುಂಗುವುದೂ ಕಷ್ಟ. ಮಾತು ಕಲಿಸಲು ಬರುತ್ತಿದ್ದ ಹುಡುಗಿ ಬೇರೆ ರಾಜ್ಯದವಳು, ಕನ್ನಡವನ್ನು ಪುಸ್ತಕ ನೋಡಿ ಕಲಿತಿದ್ದಳು. ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ಹಿಡಿಯುವಳು. ಕೊಡೆ. ಬೀಗದ ಕೈ. ಮೀನು. ಮೀನಿನ ಚಿತ್ರ ಬಂದಾಗ ನಾನು ಕಿಟಕಿಯ ಕಡೆ ತಿರುಗಿದೆ. ಮಂಜಿನಲ್ಲಿ ದೂರದಿಂದಲೇ ಬುಟ್ಟಿಯ ಬಣ್ಣ ನೋಡಿ ಬೂತಾಯಿಯೋ ಬಂಗುಡೆಯೋ ಹೇಳುತ್ತಿದ್ದ ಮನುಷ್ಯ ಆ ಕಾರ್ಡನ್ನು ನೋಡುತ್ತಾ ತುಟಿ ಅಲುಗಿಸುತ್ತಿದ್ದರು, ಸ್ವರ ಹೊರಡುತ್ತಿರಲಿಲ್ಲ.

“ಇವರ ಮಾತೃಭಾಷೆ ಯಾವುದು?” ಎಂದು ಹುಡುಗಿ ಕೇಳಿದಳು.

“ತುಳು,” ಎಂದರು ಅತ್ತಿಗೆ.

“ಕನ್ನಡದಲ್ಲೂ ಕೇಳಿ. ಇವರ ಕನ್ನಡ ನೀವು ಕೇಳಿಲ್ಲ,” ಎಂದೆ ನಾನು.

“ಹಾಸಿಗೆಯಲ್ಲಿ ಮಲಗಿದ ಮೇಲೂ ನಿಮ್ಮ ಕೂಟ ಬಿಡ್ಲಿಕ್ಕಿಲ್ವಾ?” ಎಂದು ಅತ್ತಿಗೆ ಗದರಿದರು, ಮತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು.

ಒಂದು ದಿನ ನುಂಗುವುದನ್ನು ಕಲಿಸಲು ಆ ಹುಡುಗಿ ತಣ್ಣಗಿನ ಕಡ್ಡಿಯಿಂದ ಗಂಟಲ ಹತ್ತಿರ ಮುಟ್ಟಿ, ನಾಲಿಗೆಯ ಮೇಲೆ ಒಂದು ಚೂರು ಐಸು ಇಟ್ಟಳು. ಅದೇ ಹೊತ್ತಿಗೆ ಊಟದ ತಟ್ಟೆ ಬಂತು. ಉಪ್ಪಿಲ್ಲದ ಗಂಜಿ. ಡಾಕ್ಟರು ಉಪ್ಪು ಪೂರ್ತಿ ಬಿಡಲು ಹೇಳಿದ್ದರು. ನನಗೆ ತಡೆಯಲಾಗಲಿಲ್ಲ.

“ಈಗ ಹೇಳಿ ವೃದ್ಧರೇ. ನಿಮ್ಮ ಉಪ್ಪನ್ನು ಹೊರಗೆ ಹಾಕಿದ್ದಾರೆ. ಬಾಯಿಯೊಳಗೆ ಕುಳಿತವನು ಯಾರು?”

ಅಣ್ಣನ ಮುಖದ ಎಡಭಾಗ ನಕ್ಕಿತು. ಬಲಭಾಗ ಹಾಗೆಯೇ ಇತ್ತು. ಎಡಗೈಯ ತೋರುಬೆರಳನ್ನು ಎತ್ತಿ, ಕೂಟದಲ್ಲಿ ಎದುರಿನವನನ್ನು ತಡೆಯುವ ಹಾಗೆ, ನನ್ನ ಕಡೆ ಹಿಡಿದರು. ತುಟಿ ಮಾತಿಗೆ ಸಿದ್ಧವಾಯಿತು. ನಾನು ಹಾಸಿಗೆಯ ಅಂಚಿಗೆ ಸರಿದು ಕುಳಿತೆ. ಗಂಟಲಿನಿಂದ ಸ್ವರ ಬಂತು, ಶಬ್ದ ಬರಲಿಲ್ಲ. ಮತ್ತೆ ಪ್ರಯತ್ನಿಸಿದರು. ಆಮೇಲೆ ಬೆರಳು ಮಡಚಿ, ಕಣ್ಣು ಮುಚ್ಚಿದರು. ಕಣ್ಣಂಚಿನಿಂದ ನೀರು ಕಿವಿಯ ಕಡೆ ಇಳಿಯಿತು.

ಹೊರಗೆ ವರಾಂಡದಲ್ಲಿ ಅತ್ತಿಗೆಯ ಹತ್ತಿರ ತಪ್ಪು ಒಪ್ಪಿಕೊಂಡೆ. “ಅತ್ತಿಗೆ, ಅವತ್ತು ನಾನು ಉತ್ತರಕ್ಕೆ ಜಾಗ ಬಿಡ್ಲಿಲ್ಲ. ಬೇಕಂತಲೇ ಬಿಡ್ಲಿಲ್ಲ.”

“ಅದಕ್ಕೆ ಬಿ.ಪಿ. ಬಂದದ್ದಲ್ಲ ಮಾರಾಯ್ರೆ. ಮಾತ್ರೆ ತಿನ್ನದೆ ಬಂದದ್ದು,” ಎಂದರು ಅವರು. ಮತ್ತೆ, “ಆದ್ರೆ ಆ ನಾಲ್ಕು ದಿನ ಗೊಣಗಿದ್ದೇ ಗೊಣಗಿದ್ದು. ಬಾವಿಕಟ್ಟೆಯಲ್ಲಿ, ಮೀಯುವಲ್ಲಿ. ಬುಧವಾರ ಊಟಕ್ಕೆ ಕೂತವರು ಒಬ್ಬರೇ ನಗಾಡಿದ್ರು. ಎಂತ ಅಂತ ಕೇಳಿದ್ರೆ, ‘ಸಿಕ್ಕಿತು. ಶನಿವಾರ ಅವನ ಮುಖ ನೋಡ್ಬೇಕು’ ಅಂದ್ರು.”

“ಎಂತ ಸಿಕ್ಕಿದ್ದು ಅಂತ ಹೇಳಿದ್ರಾ?”

“ನನಗೆ ಹೇಳ್ತಾರಾ? ನಾನೆಂತ ಅರ್ಥ ಹೇಳುವವಳಾ?”

ಅವತ್ತಿನಿಂದ ನನ್ನ ನೆಮ್ಮದಿ ಹೋಯಿತು. ಉತ್ತರ ಇತ್ತು, ಅದು ಸಿಕ್ಕಿತ್ತು, ಅವರನ್ನು ಒಬ್ಬರೇ ನಗಿಸುವಷ್ಟು ಒಳ್ಳೆಯದಾಗಿತ್ತು. ಈಗಲೂ ಅದು ಅವರೊಳಗೇ ಉಂಟು. ಬಾಗಿಲು ಮಾತ್ರ ಮುಚ್ಚಿದೆ.

ಮನೆಗೆ ಬಂದ ಮೇಲೆ ಅಣ್ಣ ಎಡಗೈಯಲ್ಲಿ ಉಣ್ಣಲು, ಕೋಲು ಹಿಡಿದು ಜಗುಲಿಯವರೆಗೆ ನಡೆಯಲು ಕಲಿತರು. ನಾನು ಶನಿವಾರ ಹೋಗುವುದನ್ನು ಬಿಡಲಿಲ್ಲ. ಕೂಟದಲ್ಲಿ ಒಂದು ಪದ್ಧತಿಯುಂಟು. ಎದುರು ಅರ್ಥಧಾರಿ ಬಾರದಿದ್ದರೆ, ಬೇರೆ ಜನ ಇಲ್ಲದಿದ್ದರೆ, ಇದ್ದವನೇ ಎರಡೂ ಕಡೆಯ ಅರ್ಥ ಹೇಳಿ ಪ್ರಸಂಗ ಮುಗಿಸುತ್ತಾನೆ. ನಾನು ಅದನ್ನೇ ಹಿಡಿದೆ. ಮೊದಲ ಸಲ ಅವರ ಕುರ್ಚಿಯ ಮುಂದೆ ಕುಳಿತು, ಉಪ್ಪಿನ ಮುದುಕನಾಗಿ, ನನ್ನದೇ ಪ್ರಶ್ನೆಗೆ ಉತ್ತರ ಹೇಳಿದೆ: ಈ ಮಂದಿರದಲ್ಲಿ ಇಷ್ಟು ಜನ ಯಾರಿಗೂ ಹೆದರದೆ ಬಾಯಿಬಿಟ್ಟು ಮಾತಾಡಿದ್ದೇ ನನ್ನಿಂದ. ಅಣ್ಣ ತಲೆ ಅಲ್ಲಾಡಿಸಿದರು. ಇನ್ನೊಂದು ವಾರ, ಮೊದಲು ಉಪ್ಪು ಬಡಿಸದೆ ಎಲೆಗೆ ಏನೂ ಬೀಳುವುದಿಲ್ಲ ಎಂದೆ. ಅದಕ್ಕೆ ಅವರು ತಲೆಯನ್ನೂ ಅಲ್ಲಾಡಿಸಲಿಲ್ಲ, ಇಷ್ಟೇನಾ ಎನ್ನುವ ಹಾಗೆ ನೋಡಿದರು. ಹೀಗೇ ಮಳೆ ಮುಗಿಯಿತು.

ದೀಪಾವಳಿಯ ಹಿಂದಿನ ಶನಿವಾರ ನನಗೆ ಬೇಸರ ಬಂದಿತ್ತು. “ಒಬ್ಬನೂ ಇಲ್ಲ, ಮಂಜುಗಡ್ಡೆಯವನೇ, ನೀನೇ ಗೆದ್ದೆ,” ಎಂದು ಅವರ ಪರವಾಗಿ ನಾನೇ ಸೋಲು ಒಪ್ಪಿಬಿಟ್ಟೆ. ಅಣ್ಣ ಕೋಲನ್ನು ನೆಲಕ್ಕೆ ಬಡಿದರು.

“ಅಲ್ಲ,” ಎಂದರು. “ಅಲ್ಲ. ಅಲ್ಲ.”

ಸ್ಪಷ್ಟ ಕನ್ನಡ. ಒಳಗಿನಿಂದ ಅತ್ತಿಗೆ ಸೌಟು ಹಿಡಿದುಕೊಂಡೇ ಓಡಿ ಬಂದರು. ನಾನು ಅಣ್ಣನ ಮಂಡಿ ಹಿಡಿದುಕೊಂಡು ಅತ್ತೆ. ಅತ್ತಿಗೆಯೂ ಅತ್ತರು. ಆದರೆ ಮುಂದಿನ ವಾರದ ಹೊತ್ತಿಗೆ ಅವರಿಗೆ ಸಿಟ್ಟು ಬಂದಿತ್ತು.

“ನನ್ನ ಹತ್ರ ತುಳುವಿನಲ್ಲಿ ಒಂದು ಶಬ್ದ ಇಲ್ಲ. ನಿಮ್ಮ ಹತ್ರ ಮಾತ್ರ ಕನ್ನಡದಲ್ಲಿ ಅಲ್ಲ, ಅಲ್ಲ. ನಾನೆಂತ ನಲವತ್ತು ವರ್ಷ ಗೋಡೆಯ ಹತ್ರ ಮಾತಾಡಿದ್ದಾ?”

“ನೀವು ಹೇಳುವುದೆಲ್ಲ ಸರಿ ಇರ್ತದಲ್ವಾ ಅತ್ತಿಗೆ. ನನ್ನದು ತಪ್ಪು. ಅದಕ್ಕೇ ಶಬ್ದ ಬೇಕಾಗ್ತದೆ,” ಎಂದೆ. ಅಣ್ಣನ ಅರ್ಧ ಮುಖ ನಕ್ಕಿತು. ಅತ್ತಿಗೆ ಆ ಸಲ ಚಹಾಕ್ಕೆ ಸಕ್ಕರೆ ಹಾಕಲಿಲ್ಲ.

ಚಳಿ ಹೋಯಿತು, ಸೆಕೆ ಬಂತು. ‘ಅಲ್ಲ’ ಎಂಬ ಆ ಒಂದು ಶಬ್ದವನ್ನು ಕೇಳಲು ನಾನು ವಾರಕ್ಕೊಮ್ಮೆ ಅಷ್ಟು ದೂರ ಹೋದೆ. ಅವರ ‘ಅಲ್ಲ’ದಲ್ಲಿ ಎಷ್ಟೋ ಬಗೆ ಇದ್ದವು. ಬೇಸರದ್ದು, ತಮಾಷೆಯದ್ದು, ‘ಹೋಗು ಮಾರಾಯ’ ಎನ್ನುವಂಥದ್ದು. ನಾನೋ, ಐಸಿನವನ ಮಾತುಗಳನ್ನೆಲ್ಲ ಮರೆತೇಬಿಟ್ಟಿದ್ದೆ. ಬಸ್ಸಿನಲ್ಲಿ ಕುಳಿತರೆ ಉಪ್ಪಿನವರ ಹಾಗೆಯೇ ಯೋಚನೆ, ಅವರ ಹಾಗೆಯೇ ತಡೆದು ತಡೆದು ಶಬ್ದ ಇಡುವುದು. ಅಣ್ಣನ ಸ್ವರವನ್ನು ಮರೆಯದಿರಲು ನನಗೆ ಇದ್ದ ದಾರಿ ಅದೊಂದೇ. ನಾವು ಯಾರೂ ಒಂದು ದಿನವೂ ಅವರ ಅರ್ಥವನ್ನು ಮೊಬೈಲಿನಲ್ಲಿ ಹಿಡಿದಿಟ್ಟಿರಲಿಲ್ಲ. ಮುಂದಿನ ಶನಿವಾರ ಯಾವಾಗಲೂ ಇರುತ್ತದೆ ಅಂದುಕೊಂಡಿದ್ದೆವು.

ಕಳೆದ ಶನಿವಾರ ಹೀಗಾಯಿತು. ಮಳೆ ಮತ್ತೆ ಹಿಡಿದಿದೆ. ಬಸ್ಸಿನ ಕಂಬಿ ಒದ್ದೆಯಾಗಿತ್ತು, ಹಿಡಿದರೆ ಅಂಗೈಯ ಹಳೆಯ ಬಿರುಕು ಉರಿಯಿತು. ಕೈ ನೋಡಿಕೊಂಡೆ. ಇದು ಆದದ್ದು ಎಲ್ಲಿ? ಐಸ್ ಪ್ಲಾಂಟಿನ ತೊಟ್ಟಿಯಲ್ಲಿ. ತೊಟ್ಟಿಯಲ್ಲಿ ಇದ್ದದ್ದು ಎಂತ? ಶಿರ್ವ ದಾಟುವಾಗ ಅದು ಹೊಳೆದು ನಾನು ಬಸ್ಸಿನಲ್ಲೇ ಎದ್ದು ನಿಂತೆ. ಕಂಡಕ್ಟರ್ “ಅಜ್ಜ, ಕಾಪು ಇನ್ನೂ ದೂರ ಉಂಟು, ಕೂತ್ಕೊಳ್ಳಿ” ಎಂದ.

ಜಗುಲಿಯಲ್ಲಿ ಅಣ್ಣ ಕಾಯುತ್ತಿದ್ದರು. ನಾನು ಕೊಡೆಯನ್ನೂ ಮಡಚದೆ ಶುರುಮಾಡಿದೆ.

“ಎಲೈ ಮಂಜುಗಡ್ಡೆಯವನೇ, ಒಬ್ಬನನ್ನು ತೋರಿಸು ಎಂದೆಯಲ್ಲ. ನಿನ್ನನ್ನೇ ತೋರಿಸುತ್ತೇನೆ. ನೀನು ಹುಟ್ಟುವುದು ಎಲ್ಲಿ? ಡಬ್ಬದಲ್ಲಿ ಸಿಹಿನೀರು. ಡಬ್ಬದ ಸುತ್ತ ತೊಟ್ಟಿ ತುಂಬ ಉಪ್ಪುನೀರು. ಎಷ್ಟು ತಣ್ಣಗಾದರೂ ನಾನು ಹೆಪ್ಪುಗಟ್ಟದೆ ನಿನ್ನ ಸುತ್ತ ನಿಂತದ್ದರಿಂದ ನೀನು ಹೆಪ್ಪುಗಟ್ಟಿದೆ. ನಿನ್ನೊಳಗೆ ನನ್ನ ಒಂದು ಹರಳೂ ಇಲ್ಲ. ನೆಕ್ಕಿ ನೋಡಿದರೆ ನನ್ನ ರುಚಿ ಇಲ್ಲ. ಮೂವತ್ತಮೂರು ವರ್ಷ ನಿನ್ನ ಕೈಯಿಂದಲೇ ಚೀಲಗಟ್ಟಲೆ ನನ್ನನ್ನು ಆ ತೊಟ್ಟಿಗೆ ಸುರಿದವನೇ, ನಿನ್ನ ಅಂಗೈ ನೋಡಿಕೋ. ನಾನು ಎಲ್ಲಿ ಉಳಿದೆ ಎಂದು ನನ್ನನ್ನು ಕೇಳುತ್ತೀಯಾ?”

ಹೇಳಿ ಮುಗಿಸಿದೆ. ಎಷ್ಟೋ ವರ್ಷ ಕೂಟದಲ್ಲಿ ಅವರ ಎದುರು ಕುಳಿತು ಅವರ ಮಾತು ಮುಗಿಯುವ ಮೊದಲೇ ನನ್ನ ಉತ್ತರ ಹೊಸೆಯುತ್ತಿದ್ದವನು ನಾನು. ಅವತ್ತು ತಲೆಯಲ್ಲಿ ಏನೂ ಇರಲಿಲ್ಲ. ಸುಮ್ಮನೆ ಅವರ ಬಾಯಿಯನ್ನೇ ನೋಡುತ್ತಾ ನಿಂತಿದ್ದೆ. ಕೊಡೆ ಓರೆಯಾಗಿ ಸೂರಿನ ನೀರು ಬೆನ್ನಿಗೆ ಬೀಳುತ್ತಿತ್ತು.

ಅಣ್ಣ ಎಡಗೈ ಚಾಚಿ ನನ್ನ ಅಂಗೈಯನ್ನು ತಿರುಗಿಸಿ ನೋಡಿದರು. ಬಿರುಕಿನ ಮೇಲೆ ಹೆಬ್ಬೆರಳು ಇಟ್ಟರು. ಅವರ ಹೊಟ್ಟೆ ಅಲುಗಿತು. ನಗುತ್ತಿದ್ದರು.

“ಅಲ್ಲ,” ಎಂದರು.

ನಾನು ಮೆಟ್ಟಿಲ ಮೇಲೆ ಕುಳಿತೆ. ಕೊಡೆ ಮಡಚಿದೆ. ಚೀಲದಿಂದ ಬಸಳೆಯ ಕಟ್ಟು ತೆಗೆದಿಟ್ಟೆ. ಅತ್ತಿಗೆ ಚಹಾ ತಂದು ಕೊಟ್ಟು, “ಇವತ್ತೂ ಆಗ್ಲಿಲ್ವಾ?” ಎಂದು ಕೇಳಿ ಒಳಗೆ ತಿರುಗಿದರು. ಅಣ್ಣ ಮತ್ತೆ ನನ್ನ ಕೈ ಹಿಡಿದುಕೊಂಡರು. ಅವರ ತುಟಿ ಏನನ್ನೋ ಹುಡುಕುತ್ತಿತ್ತು. ಒಮ್ಮೆ ತೆರೆದು ಮುಚ್ಚಿತು, ಮತ್ತೆ ತೆರೆಯಿತು.

“ಹತ್ತಿರ,” ಎಂದರು.

ಅತ್ತಿಗೆ ಬಾಗಿಲಲ್ಲೇ ನಿಂತುಬಿಟ್ಟರು. ಅದು ಅವರ ಎರಡನೆಯ ಶಬ್ದ.